ಚಿಕ್ಕಮಗಳೂರಿನ ಹೋಟೆಲ್‌ನಲ್ಲಿ ಹುಟ್ಟುಹಬ್ಬದ ಸ್ಟೇಕ್ ಊಟ: ಹಿಂದಿನ ವಾರದಿಂದ ಮರುದಿನದ ತನಕ

ಅಪ್ಪನಿಗೆ 60 ತುಂಬಿದಾಗ ಅವರನ್ನು ಒಂದು ದೊಡ್ಡ ಹೋಟೆಲ್‌ಗೆ ಊಟಕ್ಕೆ ಕರೆದುಕೊಂಡು ಹೋದೆವು. ಯಾವ ಹೋಟೆಲ್ ಅನ್ನುವುದು ಇಲ್ಲಿ ಬೇಡ. ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಫೋನ್ ಮಾಡಿ "ಶನಿವಾರ ರಾತ್ರಿ, 12 ಜನ" ಅಂದಿದ್ದೆ, ಅಷ್ಟೇ. ಅಪ್ಪನಿಗೆ ಅಂತ ಬಂದ ಮಟನ್ ಸ್ಟೇಕ್ ಚಕ್ಕಳದ ಹಾಗಿತ್ತು. ಅಪ್ಪ ಚಾಕುವಿನಲ್ಲಿ ಎರಡು ಸಲ ಕೊಯ್ದು ನೋಡಿದರು. ಆಮೇಲೆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ನಂಗೆ ಅಷ್ಟೇನು ಹಸಿವಿಲ್ಲ" ಅಂದರು. ಮಾಂಸ ತಿನ್ನದ ಅತ್ತೆಗೆ ಸಿಕ್ಕಿದ್ದು ಬರೀ ಆಲೂಗಡ್ಡೆ ಫ್ರೈಸ್. ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದು ಅಮ್ಮ ಅನ್ನ, ಸಾರು ಬಿಸಿ ಮಾಡಿದರು.

ಮುಂದಿನ ವರ್ಷ ಅದೇ ತರದ ಊಟವನ್ನು ಮತ್ತೆ ಮಾಡಿಸಿದೆವು. ಈ ಸಲ ಒಂದು ವಾರ ಮೊದಲೇ ಓಡಾಡಿದೆ. ಆಗ ಕಲಿತದ್ದು, ಆಮೇಲೆ ನಂಟರಿಗೆ, ಗೆಳೆಯರಿಗೆ ಇಂಥ ಊಟ ಗೊತ್ತು ಮಾಡಿಕೊಡುವಾಗ ಕಲಿತದ್ದು, ಎಲ್ಲ ಇಲ್ಲಿ ಬರೆದಿದ್ದೇನೆ. ನನಗೆ ಮುಖ್ಯ ಅನ್ನಿಸುವುದು ಇದು: ಮೇಜಿಗೆ ಬಂದು ಕೂತ ಒಬ್ಬರಿಗೂ ಮುಜುಗರ ಆಗಬಾರದು. ಚಾಕು, ಫೋರ್ಕ್ ಹಿಡಿಯಲು ಬರದವರಿಗೂ, ಮಾಂಸ ಮುಟ್ಟದವರಿಗೂ, ಹಲ್ಲು ಗಟ್ಟಿ ಇಲ್ಲದವರಿಗೂ. ಅದಕ್ಕೆ ಬೇಕಾದ ಕೆಲಸ ಹೆಚ್ಚಿನದು ಊಟದ ದಿನಕ್ಕಿಂತ ಮೊದಲೇ ಮುಗಿದಿರಬೇಕು.

ಮೊದಲು ಒಂದು ಮಾತು: ನಮ್ಮಲ್ಲಿ ಸ್ಟೇಕ್ ಅಂದರೆ ಏನು?

ಸ್ಟೇಕ್ ಅಂದರೆ ಎಳೆಗೆ ಅಡ್ಡಲಾಗಿ ಕೊಯ್ದ ಮಾಂಸದ ದಪ್ಪ ಬಿಲ್ಲೆ. ಜೋರು ಬೆಂಕಿಯಲ್ಲಿ ಸುಟ್ಟು, ಉಪ್ಪು, ಮೆಣಸು ಬಿಟ್ಟು ಬೇರೆ ಮಸಾಲೆ ಹೆಚ್ಚೇನೂ ಇಲ್ಲದೆ ಬಡಿಸುತ್ತಾರೆ. ಅಮೆರಿಕದ ಹಳೆಯ ಸ್ಟೇಕ್‌ಹೌಸ್‌ಗಳಲ್ಲಿ ಅದು ದನದ ಮಾಂಸ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 1887ರಿಂದ ನಡೆಯುತ್ತಿರುವ ಪೀಟರ್ ಲೂಗರ್ ಇಂಥ ಜಾಗ. ಅಲ್ಲಿನ ಹೋಟೆಲ್ ಸ್ಟೇಕ್‌ಹೌಸ್‌ಗಳ ಊಟಕ್ಕೆ ಒಂದು ಹಳೇ ಕ್ರಮವಿದೆ. ಮೊದಲು ತಣ್ಣನೆ ಸೀಗಡಿ, ಆಮೇಲೆ ಸೀಸರ್ ಸಲಾಡ್, ಆಮೇಲೆ ಸ್ಟೇಕ್, ಜೊತೆಗೆ ಸಿಪ್ಪೆ ಸಮೇತ ಸುಟ್ಟ ಆಲೂಗಡ್ಡೆ ಮತ್ತು ಕೆನೆ ಹಾಕಿದ ಪಾಲಕ್, ಕೊನೆಗೆ ಚೀಸ್‌ಕೇಕ್.

ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 2021ರ ಜನವರಿಯಿಂದ ಜಾರಿಯಲ್ಲಿದೆ. ಹಸು, ಕರು, ಎತ್ತು, ಹೋರಿ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ, ಅದಕ್ಕೂ ಅಧಿಕಾರಿಯ ಪ್ರಮಾಣಪತ್ರ ಬೇಕು. ಹಾಗಾಗಿ ಇಲ್ಲಿ ಸ್ಟೇಕ್ ಊಟ ಅಂದರೆ ಕುರಿ, ಕೋಳಿ, ಮೀನು, ಕೆಲವು ಕಡೆ ಹಂದಿ ಅಂತಲೇ ಇಟ್ಟುಕೊಂಡು ಯೋಚಿಸಿ. ಇದರಿಂದ ಊಟ ಸಪ್ಪೆ ಆಗುವುದಿಲ್ಲ. ಒಳ್ಳೆ ಕುರಿ ಚಾಪ್, ನಮ್ಮ ಮಲೆನಾಡಿನ ಕರಿಮೆಣಸು, ಹಾಸನದ ಆಲೂಗಡ್ಡೆ, ಇಷ್ಟು ಸೇರಿದರೆ ಅದು ನಮ್ಮದೇ ಊಟ ಆಗುತ್ತದೆ. ಇಂಥ ಅಡುಗೆ ಈ ಕಡೆಗೆ ಹೊಸದೂ ಅಲ್ಲ. ಬ್ರಿಟಿಷ್ ಪ್ಲಾಂಟರ್‌ಗಳ ಬಂಗಲೆಯಲ್ಲಿ ಬಟ್ಲರ್‌ಗಳು ಮಾಡುತ್ತಿದ್ದ ರೋಸ್ಟ್, ಕಟ್ಲೆಟ್, ಕ್ಯಾರಮೆಲ್ ಕಸ್ಟರ್ಡ್ ತೋಟದ ಮನೆಗಳಲ್ಲಿ ಇವತ್ತಿಗೂ ಉಳಿದಿವೆ.

ಹೆಜ್ಜೆ 1: ಕ್ಯಾಲೆಂಡರ್ ಮತ್ತು ಪಂಚಾಂಗ ಎರಡನ್ನೂ ನೋಡಿ

ಹುಟ್ಟಿದ ದಿನವೇ ಊಟ ಇಡಬೇಕು ಅಂತೇನಿಲ್ಲ. ನಮ್ಮ ಅಪ್ಪನ ಕಾಲದ ಎಷ್ಟೋ ಜನರಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖೇ ಹುಟ್ಟಿದ ದಿನ. ಮನೆಯವರಿಗೆ ಗೊತ್ತಿರುವುದು ನಕ್ಷತ್ರ, ಇಲ್ಲದಿದ್ದರೆ "ಆ ವರ್ಷದ ದೊಡ್ಡ ಮಳೆ". ಹಾಗಾಗಿ ಎಲ್ಲರಿಗೂ ಹೊಂದುವ ದಿನ ಹುಡುಕಿ.

ಮಾಂಸದ ಊಟ ಅಂದಮೇಲೆ ಮೊದಲು ವಾರ ನೋಡಬೇಕು. ಸೋಮವಾರ, ಶನಿವಾರ ತಿನ್ನದವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಶ್ರಾವಣದಲ್ಲಿ ಇಡೀ ತಿಂಗಳು ಬಿಡುವವರಿದ್ದಾರೆ. ನಾವು ಮೊದಲ ಸಲ ಶನಿವಾರ ಇಟ್ಟು ಚಿಕ್ಕಪ್ಪನನ್ನು ಖಾಲಿ ಹೊಟ್ಟೆಯಲ್ಲಿ ಕಳಿಸಿದೆವು. ಅಕ್ಟೋಬರ್ 2ರಂದು ಮದ್ಯ ಸಿಗುವುದಿಲ್ಲ, ಹಲವು ಊರುಗಳಲ್ಲಿ ಮಾಂಸದ ಅಂಗಡಿಯೂ ಮುಚ್ಚಿರುತ್ತದೆ.

ಇನ್ನು ಊರಿನ ಲೆಕ್ಕ. ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದ ತನಕ ಚಿಕ್ಕಮಗಳೂರಿನ ಹೋಟೆಲ್‌ಗಳು ಬೆಂಗಳೂರಿನಿಂದ ಬಂದವರಿಂದ ತುಂಬಿರುತ್ತವೆ. ಅಡುಗೆಮನೆಗೆ ಉಸಿರಾಡಲು ಬಿಡುವಿರುವುದಿಲ್ಲ. ಡಿಸೆಂಬರ್‌ನಲ್ಲಿ ದತ್ತ ಜಯಂತಿ ಹೊತ್ತಿಗೆ ಬಾಬಾಬುಡನ್‌ಗಿರಿಯ ಕಡೆ ಓಡಾಟಕ್ಕೆ ನಿರ್ಬಂಧ ಇರುತ್ತದೆ, ಆ ದಾರಿಯ ಕೈಮರ ಚೆಕ್‌ಪೋಸ್ಟ್‌ನ ಆಚೆಗಿನ ಜಾಗ ಆರಿಸಿಕೊಳ್ಳಬೇಡಿ. ನವೆಂಬರ್‌ನಿಂದ ಫೆಬ್ರವರಿ ತನಕ ತೋಟದವರಿಗೆ ಕಾಫಿ ಕೊಯ್ಲು, ಸಂಜೆ ಆಳುಗಳ ಲೆಕ್ಕ ಮುಗಿಯದೆ ಹೊರಡಲಾಗದು. ನನ್ನ ಸಲಹೆ ಬುಧವಾರ ಅಥವಾ ಗುರುವಾರ, ಸಂಜೆ 7 ಗಂಟೆ. ವಾರದ ಮಧ್ಯೆ ಶೆಫ್ ನಿಮ್ಮ ಹತ್ತಿರ ಬಂದು ಮಾತಾಡುವಷ್ಟು ಬಿಡುವಾಗಿರುತ್ತಾರೆ.

ಹೆಜ್ಜೆ 2: ಮೊದಲು ಒಬ್ಬರೇ ಹೋಗಿ ತಿಂದು ನೋಡಿ

ನಮ್ಮ ಬಾಯಲ್ಲಿ ಹೋಟೆಲ್ ಅಂದರೆ ಇಡ್ಲಿ, ದೋಸೆ ಸಿಗುವ ಜಾಗ. ಇಲ್ಲಿ ನಾನು ಹೇಳುತ್ತಿರುವುದು ಉಳಿಯಲು ರೂಮು, ದೊಡ್ಡ ಊಟದ ಹಾಲ್, ಕಾಂಟಿನೆಂಟಲ್ ಅಡುಗೆ ಗೊತ್ತಿರುವ ಶೆಫ್, ಮೂರೂ ಇರುವ ಹೋಟೆಲ್. ಊಟಕ್ಕೆ ಒಂದು ವಾರ ಮೊದಲು ಒಬ್ಬರೋ ಇಬ್ಬರೋ ಹೋಗಿ. ಒಂದು ಗ್ರಿಲ್ ಐಟಂ, ಒಂದು ಸೂಪ್ ತರಿಸಿ. ಸ್ಟೇಕ್ ಬಂದಾಗ ಮೇಲ್ಮೈ ನೋಡಿ. ಗಾಢ ಕಂದು ಬಣ್ಣ, ಅಂಚಿನಲ್ಲಿ ಸ್ವಲ್ಪ ಗರಿ ಇದ್ದರೆ ಅವರ ಬೆಂಕಿ ಸರಿಯಾಗಿದೆ. ಬೂದು ಬಣ್ಣಕ್ಕೆ ತಿರುಗಿ, ತಟ್ಟೆಯಲ್ಲಿ ನೀರು ನಿಂತಿದ್ದರೆ ಅದು ಸುಟ್ಟಿದ್ದಲ್ಲ, ಬೆಂದದ್ದು. ಒದ್ದೆ ಮಾಂಸವನ್ನು ಹದ ಕಾಯದ ಕಾವಲಿಗೆ ಹಾಕಿದರೆ ಹಾಗಾಗುತ್ತದೆ. ಮೇಲ್ಮೈ ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ಆ ಕಂದು ಬಣ್ಣ, ಆ ಪರಿಮಳ ಚೆನ್ನಾಗಿ ಹುಟ್ಟುವುದು. ನೀರು ಇರುವಷ್ಟು ಹೊತ್ತು ಶಾಖ 100 ದಾಟುವುದಿಲ್ಲ.

ಸಿಜ್ಲರ್ ಚೆನ್ನಾಗಿದ್ದರೂ ಅದನ್ನೇ ನೋಡಿ ತೀರ್ಮಾನಿಸಬೇಡಿ. 1960ರ ದಶಕದಲ್ಲಿ ಮುಂಬೈಯಲ್ಲಿ ಶುರುವಾಗಿ ನಮ್ಮೆಲ್ಲರಿಗೂ ಇಷ್ಟವಾದ ತಿನಿಸು ಅದು, ಸರಿ. ಆದರೆ ಚಟಪಟ ಅನ್ನುವ ಆ ಬೀಡಿನ ತಟ್ಟೆ ಮೇಜಿಗೆ ಬಂದಮೇಲೂ ಮಾಂಸವನ್ನು ಬೇಯಿಸುತ್ತಲೇ ಇರುತ್ತದೆ. ಮೆತ್ತಗೆ ಬಂದ ತುಂಡು ಐದು ನಿಮಿಷದಲ್ಲಿ ಗಟ್ಟಿ. ಮಕ್ಕಳ ಕೈ ತಾಗುವ ಭಯ ಬೇರೆ. ಸ್ಟೇಕ್‌ಗೆ ಬಿಸಿ ಮಾಡಿದ ಪಿಂಗಾಣಿ ತಟ್ಟೆಯೇ ಸರಿ.

ಹೊರಡುವ ಮೊದಲು ಹಾಲ್ ಒಮ್ಮೆ ಸುತ್ತಿ. ಮೆಟ್ಟಿಲು ಎಷ್ಟಿವೆ, ಟಾಯ್ಲೆಟ್ ಎಷ್ಟು ದೂರ, ಸ್ಪೀಕರ್ ಯಾವ ಮೇಜಿನ ತಲೆ ಮೇಲೆ ಇದೆ. ಅಜ್ಜಿಗೆ ಮೊಣಕಾಲು ನೋವಿದ್ದರೆ ಇದು ಊಟಕ್ಕಿಂತ ದೊಡ್ಡ ವಿಷಯ. ಮಳೆಗಾಲವಾದರೆ ಜನರೇಟರ್ ಅಡುಗೆಮನೆಗೂ ಇದೆಯಾ ಅಂತ ಕೇಳಿ.

ಹೆಜ್ಜೆ 3: ಶೆಫ್ ಜೊತೆ ಕೂತು ಮಾಂಸದ ಮಾತಾಡಿ

ಇಲ್ಲಿ ಅವಸರ ಬೇಡ. ಊಟ ಕೆಡುವುದೂ ಇಲ್ಲೇ, ಗೆಲ್ಲುವುದೂ ಇಲ್ಲೇ. ಮಧ್ಯಾಹ್ನ ಮೂರೂವರೆಯಿಂದ ಐದರ ಒಳಗೆ ಹೋಗಿ, ಆಗ ಅಡುಗೆಮನೆ ಸ್ವಲ್ಪ ಖಾಲಿ. ಮ್ಯಾನೇಜರ್‌ಗೆ ಹೇಳಿದ್ದು ಶೆಫ್‌ಗೆ ಅರ್ಧ ಮಾತ್ರ ಮುಟ್ಟುತ್ತದೆ. ಶೆಫ್‌ರನ್ನೇ ಕೇಳಿ.

ಮೊದಲ ವಿಷಯ, ಹೆಸರಿನ ಗೊಂದಲ. "ಮಟನ್ ಚಾಪ್ಸ್" ಅಂದರೆ ನಮ್ಮ ಕಡೆ ಮಸಾಲೆ ಅರೆದು ಮಾಡಿದ ಪಕ್ಕೆಲುಬಿನ ಗೊಜ್ಜು. ಅದೇ ಬಂದುಬಿಡುತ್ತದೆ. "ಗ್ರಿಲ್ ಮಾಡಿದ ಕುರಿ ಚಾಪ್, ಮಸಾಲೆ ಬೇಡ, ಮೂಳೆ ಸಮೇತ ಇಡೀ ತುಂಡು" ಅಂತ ಬಿಡಿಸಿ ಹೇಳಿ.

ಎರಡನೆಯದು, ಕುರಿಯೋ ಮೇಕೆಯೋ. ಅಂಗಡಿಯಲ್ಲಿ ಎರಡಕ್ಕೂ ಮಟನ್ ಅಂತಲೇ ಹೆಸರು. ಮೇಕೆ ಮಾಂಸದಲ್ಲಿ ಕೊಬ್ಬು ಕಡಿಮೆ, ಸಾರಿಗೆ ಬಹಳ ಚೆಂದ, ಗ್ರಿಲ್‌ಗೆ ಒಣಗುತ್ತದೆ. ಸ್ಟೇಕ್‌ಗೆ ಎಳೇ ಕುರಿ ಬೇಕು. ಬನ್ನೂರು ಕುರಿ ಸಿಕ್ಕರೆ ಬಿಡಬೇಡಿ. ಮಂಡ್ಯ ಕಡೆಯ ಆ ತಳಿ ಮೋಟು ಕಾಲಿನದು, ಮಾಂಸದ ನಡುವೆ ಕೊಬ್ಬು ಹರಡಿರುತ್ತದೆ. ಸುಡುವಾಗ ಆ ಕೊಬ್ಬು ಕರಗಿ ಒಳಗೇ ಮೆತ್ತಗೆ ಮಾಡುತ್ತದೆ.

ಮೂರನೆಯದು, ಲೆಕ್ಕ. ಬೆನ್ನಿನ ಪಕ್ಕೆಲುಬಿನ ಸಾಲಿನಲ್ಲಿ ಒಂದು ಕಡೆಗೆ ಸುಮಾರು 8 ಚಾಪ್ ಬರುತ್ತದೆ. ಅಂದರೆ ಒಂದು ಕುರಿಗೆ 16. ನಮ್ಮ ಕುರಿ ಚಿಕ್ಕದು, ಒಬ್ಬರಿಗೆ 3 ಚಾಪ್ ಆದರೂ ಬೇಕು. ಮಾಂಸ ತಿನ್ನುವವರು 8 ಜನ ಇದ್ದರೆ 24 ಚಾಪ್, ಅಂದರೆ ಎರಡು ಕುರಿ. ಇದು ಹಿಂದಿನ ದಿನ ಹೇಳಿದರೆ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಅಂಗಡಿಯವರ ಕತ್ತಿ. ಅವರ ಕೈ ಅಭ್ಯಾಸಕ್ಕೆ ಪಕ್ಕೆಲುಬನ್ನು ಸಾರಿನ ತುಂಡು ಮಾಡಿಬಿಡುತ್ತಾರೆ. ಪಕ್ಕೆಲುಬಿನ ಸಾಲು ಇಡಿಯಾಗಿ ಇರಲಿ ಅಂತ ನಾಲ್ಕು ದಿನ ಮೊದಲು ಹೇಳಿಸಿ, ಕಡಿಯುವ ಹಿಂದಿನ ದಿನ ಇನ್ನೊಮ್ಮೆ ಜ್ಞಾಪಿಸಿ. ಚಾಪ್ ಸಿಗದಿದ್ದರೆ ಹಿಂದಿನ ತೊಡೆಯನ್ನು ಅಡ್ಡ ಕೊಯ್ದು, ನಡುವೆ ಉಂಗುರದ ತರ ಮೂಳೆ ಇರುವ ಬಿಲ್ಲೆ ಮಾಡಿಸಬಹುದು. ಒಂದು ಅಂಗುಲ ದಪ್ಪ. ಅದಕ್ಕಿಂತ ತೆಳು ಆದರೆ ಹೊರಗೆ ಬಣ್ಣ ಬರುವ ಮೊದಲೇ ಒಳಗೆ ಒಣಗಿರುತ್ತದೆ.

ನಾಲ್ಕನೆಯದು, ನಮಗೆ ಅಭ್ಯಾಸವಿಲ್ಲದ ವಿಷಯ. ನಾವು ಬೆಳಿಗ್ಗೆ ಕಡಿದ ಮಾಂಸ ಮಧ್ಯಾಹ್ನಕ್ಕೆ ಸಾರು ಮಾಡುತ್ತೇವೆ. ಸಾರಿಗೆ ಅದು ಸರಿ, ಒಂದು ಗಂಟೆ ಬೇಯುತ್ತದೆ. ಗ್ರಿಲ್ ಮೇಲೆ ಎಂಟು ನಿಮಿಷ ಇರುವ ತುಂಡಿಗೆ ಅಷ್ಟು ಸಮಯ ಇಲ್ಲ. ಕಡಿದ ಮೇಲೆ ಮಾಂಸಖಂಡ ಸೆಟೆದುಕೊಳ್ಳುತ್ತದೆ, ಒಂದೆರಡು ದಿನ ತಂಪಿನಲ್ಲಿ ಇಟ್ಟರೆ ಮತ್ತೆ ಸಡಿಲ ಆಗುತ್ತದೆ. 0ರಿಂದ 4 ಡಿಗ್ರಿಯಲ್ಲಿ, ಫ್ರೀಜರ್‌ನಲ್ಲಿ ಅಲ್ಲ, ಎರಡು ದಿನ ಇಡಲು ಹೇಳಿ. ದನದ ಮಾಂಸದ ಸ್ಟೇಕ್‌ಹೌಸ್‌ಗಳು ಮೂರು, ನಾಲ್ಕು ವಾರ ಇಡುತ್ತವೆ. ಕುರಿಗೆ ಅಷ್ಟೆಲ್ಲ ಬೇಡ. ನಮ್ಮ ಮೊದಲ ಊಟದ ಆ ಚಕ್ಕಳಕ್ಕೆ ಕಾರಣ ಇದೇ ಇರಬೇಕು ಅಂತ ಈಗ ಅನ್ನಿಸುತ್ತದೆ. ಆಮೇಲೆ ಈ ಒಂದು ಬದಲಾವಣೆ ಮಾಡಿಸಿದ ಕಡೆಯಲ್ಲೆಲ್ಲ ಮಾಂಸ ಮೆತ್ತಗೆ ಬಂದಿದೆ. ತೊಡೆಯ ಬಿಲ್ಲೆಗೆ ಬೇಕಾದರೆ ಪರಂಗಿಕಾಯಿ ಅರೆದು ಕೆಜಿಗೆ ಒಂದು ಚಮಚ ಸವರಬಹುದು, ಅದೂ ಅರ್ಧ ಗಂಟೆ ಮಾತ್ರ. ಜಾಸ್ತಿ ಹೊತ್ತು ಬಿಟ್ಟರೆ ಮೇಲ್ಮೈ ಹಿಟ್ಟಿನ ಹಾಗೆ ಆಗುತ್ತದೆ.

ಕೊನೆಗೆ ಮೆಣಸು. ಫ್ರೆಂಚರ ಪೆಪ್ಪರ್ ಸ್ಟೇಕ್‌ಗೆ ಬೇಕಾದ ಮುಖ್ಯ ಸಾಮಾನು ನಮ್ಮ ಸಿಲ್ವರ್ ಓಕ್ ಮರಗಳಿಗೆ ಹಬ್ಬಿಕೊಂಡಿದೆ, ಅಲ್ವಾ? ನಾನು ಮನೆಯ ಮೆಣಸನ್ನು ಒಂದು ಸಣ್ಣ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ ಶೆಫ್ ಕೈಗೆ ಕೊಟ್ಟೆ. ಅವರು ಮುಚ್ಚಳ ತೆಗೆದು ಮೂಸಿ, ಎರಡು ಕಾಳು ಹಲ್ಲಿನಲ್ಲಿ ಕಚ್ಚಿ, "ಇದನ್ನು ಮಿಕ್ಸಿಗೆ ಹಾಕೋದು ಬೇಡ ಸರ್, ಕುಟ್ಟೋಣ" ಅಂದರು. ಅಷ್ಟು ಹೊತ್ತಿಗೆ ನನ್ನ ಅರ್ಧ ಚಿಂತೆ ಕಳೆಯಿತು. ಒಂದು ಕಾಳು ನಾಲ್ಕು, ಐದು ಚೂರಾಗುವಷ್ಟು ಮಾತ್ರ ಕುಟ್ಟಿ ಮಾಂಸಕ್ಕೆ ಒತ್ತಬೇಕು. ಪುಡಿ ಮಾಡಿದರೆ ಸುಟ್ಟು ಕಹಿಯಾಗುತ್ತದೆ. ಸುಟ್ಟ ಬಾಣಲೆಯ ತಳದಲ್ಲಿ ಉಳಿದದ್ದಕ್ಕೆ ಸ್ವಲ್ಪ ಬ್ರಾಂದಿ, ಮೂಳೆಯ ರಸ, ಕೆನೆ ಹಾಕಿ ಕುದಿಸಿದರೆ ಮೇಲೆ ಸುರಿಯುವ ಸಾಸ್. ಬ್ರಾಂದಿ ಬೇಡದ ಮನೆಯವರು ಮೊದಲೇ ಹೇಳಿ, ಬಿಟ್ಟರೂ ರುಚಿ ಕೆಡುವುದಿಲ್ಲ.

ಮೀನು ಇಷ್ಟಪಡುವವರಿಗೆ ಅಂಜಲ್. ಅದರ ಅಡ್ಡ ಬಿಲ್ಲೆಯೇ ಹುಟ್ಟಾ ಸ್ಟೇಕ್. ಮಂಗಳೂರಿನಿಂದ ಘಾಟಿ ಹತ್ತಿ ಬರುತ್ತದೆ. ಆದರೆ ಜೂನ್ 1ರಿಂದ ಜುಲೈ 31ರ ತನಕ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಸಿಗುವುದು ಹೆಚ್ಚಾಗಿ ಫ್ರೀಜರ್ ಮೀನು, ಆ ಎರಡು ತಿಂಗಳು ಕೋಳಿಯೇ ವಾಸಿ.

ಹೆಜ್ಜೆ 4: ಮಾಂಸ ತಿನ್ನದವರಿಗೆ ನಿಜವಾದ ಊಟ

ಮಾಂಸ ತಿನ್ನದವರಿಗೆ "ಏನಾದ್ರೂ ವೆಜ್ ಕೊಡಿ" ಅಂದರೆ ಪನೀರ್ ಬರುತ್ತದೆ. ಅವರು ಎಲ್ಲ ಕಡೆ ಪನೀರ್ ತಿಂದು ಬೇಸತ್ತಿರುತ್ತಾರೆ. ನಾವು ಅತ್ತೆಗೆ ಸುವರ್ಣಗಡ್ಡೆ ಸ್ಟೇಕ್ ಮಾಡಿಸಿದೆವು. ಒಂದು ಅಂಗುಲ ದಪ್ಪದ ಬಿಲ್ಲೆ, ತುರಿಕೆ ಹೋಗಲು ಹುಣಸೆ ನೀರಿನಲ್ಲಿ ಮುಕ್ಕಾಲು ಬೇಯಿಸಿ, ಒರೆಸಿ, ಬೆಣ್ಣೆ ಹಾಕಿ ಬೀಡಿನ ಕಾವಲಿಯಲ್ಲಿ ಎರಡೂ ಕಡೆ ಕೆಂಪಗೆ ಮಾಡಿ, ಅದೇ ಕುಟ್ಟಿದ ಮೆಣಸು. ಚಾಕುವಿನಲ್ಲಿ ಕೊಯ್ದರೆ ಒಳಗೆ ಕೆನೆಯ ಹಾಗಿತ್ತು. ಮಾಂಸ ತಿನ್ನುವ ಇಬ್ಬರು ಅವರ ತಟ್ಟೆಗೆ ಕೈ ಹಾಕಿದರು. ಹೂಕೋಸನ್ನು ದಂಟು ಸಮೇತ ದಪ್ಪಗೆ ಸೀಳಿ ಹೀಗೇ ಮಾಡಬಹುದು.

ಕಟ್ಟುನಿಟ್ಟಾಗಿ ಸಸ್ಯಾಹಾರ ಇರುವವರ ಪರವಾಗಿ ನೀವು ಕೇಳಲೇಬೇಕಾದ ನಾಲ್ಕು ವಿಷಯ ಇವೆ. ಮೆನುವಿನಲ್ಲಿ ಹಸಿರು ಚುಕ್ಕೆ ಇದ್ದರೂ ಕೇಳಿ. ಪೆಪ್ಪರ್ ಸಾಸ್ ಮೂಳೆಯ ರಸದಲ್ಲಿ ಮಾಡಿದ್ದಾ? ವುಸ್ಟರ್‌ಶೈರ್ ಸಾಸ್ ಹಾಕಿದ್ದಾರಾ? ಮೂಲ ತಯಾರಿಯಲ್ಲಿ ಅದಕ್ಕೆ ಆಂಚೊವಿ ಅನ್ನುವ ಸಣ್ಣ ಮೀನು ಬೀಳುತ್ತದೆ. ಸೀಸರ್ ಸಲಾಡ್ ಎಲೆಗಳೇ ಆದರೂ ಅದರ ಡ್ರೆಸ್ಸಿಂಗ್‌ನಲ್ಲಿ ಮೊಟ್ಟೆ, ಹೆಚ್ಚಾಗಿ ಅದೇ ಮೀನು ಇರುತ್ತದೆ. ಮೂಸ್ ತರದ ಸಿಹಿಗೆ ಜೆಲಾಟಿನ್ ಹಾಕಿರಬಹುದು, ಅದು ಪ್ರಾಣಿಯ ಎಲುಬು, ಚರ್ಮದಿಂದ ಬರುವುದು. ಕಾವಲಿ ಬೇರೆ ಇರಲಿ ಅಂತಲೂ ಹೇಳಿ.

ಹೆಜ್ಜೆ 5: ಉಳಿದ ಮೆನು

ಕಡಿಮೆ ಇರಲಿ. ಒಂದು ಸೂಪ್, ಒಂದು ಸಣ್ಣ ಸ್ಟಾರ್ಟರ್, ಮುಖ್ಯ ತುಂಡು, ಎರಡು ಜೊತೆ ತಿನಿಸು, ಸಿಹಿ. ಸ್ಟಾರ್ಟರ್‌ಗೆ ನಾಲ್ಕು ಬಗೆ ಇಟ್ಟರೆ ಸ್ಟೇಕ್ ಬರುವಾಗ ಎಲ್ಲರ ಹೊಟ್ಟೆ ತುಂಬಿರುತ್ತದೆ.

ಸುಟ್ಟ ಆಲೂಗಡ್ಡೆಗೆ ಮಾತ್ರ ಹಠ ಹಿಡಿಯಿರಿ. ಹಾಸನ ಪಕ್ಕದಲ್ಲೇ ಇದೆ. ಅಲ್ಲಿ ಮುಂಗಾರಿಗೆ ಬಿತ್ತಿದ ಆಲೂಗಡ್ಡೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಏಳುತ್ತದೆ. ಒಂದೊಂದು 200 ಗ್ರಾಂ ತೂಗುವ ಗಡ್ಡೆ ಆರಿಸಿ, ಸಿಪ್ಪೆ ಸಮೇತ ತೊಳೆದು ಒರೆಸಿ, ಫೋರ್ಕ್‌ನಲ್ಲಿ ಚುಚ್ಚಿ, 200 ಡಿಗ್ರಿ ಓವನ್‌ನಲ್ಲಿ ಸುಮಾರು ಒಂದು ಗಂಟೆ. ಫಾಯಿಲ್ ಸುತ್ತಬಾರದು, ಸುತ್ತಿದರೆ ಒಳಗೆ ಹಬೆ ನಿಂತು ಸಿಪ್ಪೆ ಮೆತ್ತಗಾಗುತ್ತದೆ. ಅಡ್ಡ ಸೀಳಿ ಬೆಣ್ಣೆ, ಗಟ್ಟಿ ಮೊಸರು, ಹೆಚ್ಚಿದ ಈರುಳ್ಳಿ ಸೊಪ್ಪು. ಸಿಪ್ಪೆಯನ್ನೂ ತಿನ್ನಬೇಕು, ಪರಿಮಳ ಇರುವುದು ಅಲ್ಲೇ. ಪಾಲಕ್‌ಗೆ ಕೆನೆ, ಚಿಟಿಕೆ ಜಾಯಿಕಾಯಿ, ಅಷ್ಟು ಸಾಕು.

ಒಂದು ಬಟ್ಟಲು ಮೊಸರನ್ನ ಅಥವಾ ಅನ್ನ ಸಾರನ್ನು ಒಳಗೆ ಸಿದ್ಧ ಇಡಲು ಹೇಳಿ. ಕೇಳಿದವರಿಗೆ ಸದ್ದಿಲ್ಲದೆ ತಂದು ಕೊಡಲಿ. ಎಂಬತ್ತು ದಾಟಿದವರಿಗೆ ಅನ್ನ ಇಲ್ಲದ ರಾತ್ರಿ ಊಟವೇ ಅಲ್ಲ.

ಹೆಜ್ಜೆ 6: ಮೇಜು, ಚಾಕು, ಫೋರ್ಕ್

ಹುಟ್ಟುಹಬ್ಬದವರನ್ನು ಉದ್ದ ಮೇಜಿನ ತುದಿಯಲ್ಲಿ ಒಬ್ಬರೇ ಕೂರಿಸಬೇಡಿ. ನಡುವೆ ಕೂರಿಸಿ, ಆಗ ಎರಡೂ ಕಡೆಯವರ ಮಾತು ಕೇಳುತ್ತದೆ. ಒಂದು ಕಿವಿ ಮಂದ ಇದ್ದರೆ ಕೇಳುವ ಕಿವಿಯ ಕಡೆ ಹೆಚ್ಚು ಮಾತಾಡುವವರು.

ಚಾಕು ಬಲಗೈ, ಫೋರ್ಕ್ ಎಡಗೈ ಅನ್ನುವುದು ರೂಢಿ. ಆದರೆ ನಮ್ಮ ಹಿರಿಯರಿಗೆ ಎಡಗೈಯಿಂದ ಬಾಯಿಗೆ ಇಟ್ಟುಕೊಳ್ಳುವುದೇ ಕಸಿವಿಸಿ. ಅದಕ್ಕೆ ಸುಲಭ ದಾರಿ ಇದೆ. ಮೊದಲು ಎರಡು, ಮೂರು ತುಂಡು ಕೊಯ್ದುಕೊಳ್ಳಿ. ಚಾಕು ಕೆಳಗಿಟ್ಟು, ಫೋರ್ಕ್ ಬಲಗೈಗೆ ಬದಲಾಯಿಸಿ ತಿನ್ನಿ. ಅಮೆರಿಕದಲ್ಲಿ ಬಹಳ ಜನ ತಿನ್ನುವುದೇ ಹೀಗೆ. ಕೊಯ್ಯುವಾಗ ಚಾಕುವನ್ನು ಗರಗಸದ ತರ ಒತ್ತಬೇಡಿ, ಉದ್ದಕ್ಕೆ ಎಳೆಯಿರಿ. ಮಾಂಸದಲ್ಲಿ ಕಾಣುವ ಗೆರೆಗಳಿಗೆ ಅಡ್ಡ ಕೊಯ್ದರೆ ಎಳೆ ಚಿಕ್ಕದಾಗಿ ಅಗಿಯಲು ಸುಲಭ.

ಇದಕ್ಕಿಂತ ಒಳ್ಳೆಯದು, ಅಡುಗೆಮನೆಯಲ್ಲೇ ಬೆರಳಗಲ ಕೊಯ್ದು ದೊಡ್ಡ ತಟ್ಟೆಯಲ್ಲಿ ನಡುವೆ ಇಡಿಸುವುದು. ಬೇಕಾದವರು ಬೇಕಾದಷ್ಟು ಹಾಕಿಕೊಳ್ಳುತ್ತಾರೆ. ಚಾಪ್ ಆದರೆ ಕೈಯಲ್ಲಿ ಹಿಡಿದೇ ತಿನ್ನಿ. ಮೂಳೆ ಇರುವುದೇ ಹಿಡಿಯಲು. ನಮ್ಮ ಎರಡನೇ ಊಟದಲ್ಲಿ ಅಪ್ಪ ಚಾಕು ಎತ್ತಿಕೊಂಡು ಆಚೀಚೆ ನೋಡಿದರು. ಎದುರಿಗಿದ್ದ ನಾನು ಮೊದಲೇ ಚಾಪ್ ಕೈಗೆ ತೆಗೆದುಕೊಂಡಿದ್ದೆ. ಅವರು ಚಾಕು ಕೆಳಗಿಟ್ಟು, ಅಂಗಿಯ ತೋಳು ಮಡಚಿದರು. ಮೂರು ಮೂಳೆ ಬೆಳ್ಳಗಾಗುವ ತನಕ ಮಾತಾಡಲಿಲ್ಲ. ಬೆರಳು ತೊಳೆಯಲು ನಿಂಬೆ ಹೋಳು ಹಾಕಿದ ಬಿಸಿನೀರಿನ ಬಟ್ಟಲನ್ನು ಕೇಳಿ ಇಡಿಸಿ.

ಹೆಜ್ಜೆ 7: ಎಷ್ಟು ಬೇಯಬೇಕು ಅನ್ನುವ ಪ್ರಶ್ನೆ

ವೇಟರ್ ಬಂದು ರೇರ್, ಮೀಡಿಯಂ, ವೆಲ್ ಡನ್ ಅಂತ ಕೇಳುತ್ತಾರೆ. ಮೀಡಿಯಂ ರೇರ್ ಅಂದರೆ ಒಳಗಿನ ಶಾಖ ಸುಮಾರು 54ರಿಂದ 57 ಡಿಗ್ರಿ, ನಡುವೆ ಕೆಂಪು. ಮೀಡಿಯಂ 60ರಿಂದ 63, ನಸುಗೆಂಪು. ವೆಲ್ ಡನ್ 70ರ ಮೇಲೆ, ಕೆಂಪೇ ಇಲ್ಲ. ಕುರಿ ಚಾಪ್‌ಗೆ ನನ್ನ ಆಯ್ಕೆ 63, ಆಮೇಲೆ ಮೂರು ನಿಮಿಷಕ್ಕೆ ಕಡಿಮೆ ಇಲ್ಲದ ವಿಶ್ರಾಂತಿ. ರುಚಿಗೂ ಸರಿ, ಆರೋಗ್ಯಕ್ಕೂ ಸರಿ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ, ಕಾಯಿಲೆಯಿಂದ ಎದ್ದವರಿಗೆ ಪೂರ್ತಿ ಬೆಂದದ್ದು. ಕೋಳಿಗೆ ಈ ಪ್ರಶ್ನೆಯೇ ಇಲ್ಲ, 74 ಡಿಗ್ರಿ ಆಗಲೇಬೇಕು.

ತಟ್ಟೆಗೆ ಇಳಿಯುವ ಕೆಂಪು ರಸ ನೋಡಿ ಯಾರಾದರೂ ಹಿಂದೆ ಸರಿಯಬಹುದು. ಅದು ರಕ್ತ ಅಲ್ಲ. ಮಾಂಸಖಂಡದಲ್ಲಿರುವ ಮಯೋಗ್ಲೋಬಿನ್ ನೀರಿನ ಜೊತೆ ಸೇರಿ ಆ ಬಣ್ಣ ಬರುತ್ತದೆ. ಮೊದಲೇ ಹೇಳಿಬಿಡಿ. ಆದರೂ ಬೇಡ ಅಂದವರಿಗೆ ಇನ್ನೆರಡು ನಿಮಿಷ ಸುಟ್ಟು ತರಿಸಿ, ವಾದ ಮಾಡಬೇಡಿ. ಅವರ ತಟ್ಟೆ, ಅವರ ಇಷ್ಟ.

ಒಲೆಯಿಂದ ಇಳಿಸಿದ ತುಂಡು ಐದು ನಿಮಿಷ ಹಾಗೇ ಇರಬೇಕು. ತಕ್ಷಣ ಕೊಯ್ದರೆ ರಸ ಎಲ್ಲ ತಟ್ಟೆಗೆ ಹೋಗುತ್ತದೆ. ಬಡಿಸುವವರು ಅವಸರ ಮಾಡದ ಹಾಗೆ, "ತಡ ಆದ್ರೂ ಪರವಾಗಿಲ್ಲ" ಅಂತ ನೀವೇ ಹೇಳಿ. ಆ ಐದು ನಿಮಿಷದಲ್ಲಿ ಮೇಲಿಟ್ಟ ಬೆಣ್ಣೆ ಮೆಲ್ಲಗೆ ಜಾರಿ, ಮೆಣಸಿನ ಚೂರುಗಳ ನಡುವೆ ಇಳಿಯುತ್ತದೆ. ಆ ವಾಸನೆಗೆ ಹಾಲ್‌ನ ಬೇರೆ ಮೇಜಿನವರೂ ತಿರುಗಿ ನೋಡುತ್ತಾರೆ.

ಹೆಜ್ಜೆ 8: ಕೇಕ್ ಮತ್ತು ಕಾಫಿ

ಹೊರಗಿನ ಕೇಕ್ ತರಬಹುದಾ, ಅದಕ್ಕೆ ಹಣ ಕೇಳುತ್ತಾರಾ ಅಂತ ಬುಕ್ ಮಾಡುವಾಗಲೇ ಕೇಳಿ. ಭಾರಿ ಊಟದ ಮೇಲೆ ಕ್ರೀಮ್ ಕೇಕ್ ಇಳಿಯುವುದಿಲ್ಲ. ನಾವು ಅಯ್ಯಂಗಾರ್ ಬೇಕರಿಯ ಮೊಟ್ಟೆ ಇಲ್ಲದ ಹನಿ ಕೇಕ್ ತರಿಸುತ್ತೇವೆ. ಈ ಬೇಕರಿಗಳನ್ನು ಊರೂರಿಗೆ ಒಯ್ದ ಮನೆತನಗಳ ಬೇರು ಹಾಸನದ ಹಳ್ಳಿಗಳಲ್ಲೇ ಇದೆ. ಎಲ್ಲರೂ ತಿನ್ನಬಹುದು, ಹಿರಿಯರಿಗೂ ಪರಿಚಯದ ರುಚಿ.

ಕೆಲವರಿಗೆ ಹುಟ್ಟಿದ ದಿನ ದೀಪ ಊದಿ ಆರಿಸುವುದು ಮನಸ್ಸಿಗೆ ಬರುವುದಿಲ್ಲ. ಅಮ್ಮನಿಗೆ ಹಾಗೇ. ನಾವು ಒಂದು ಸಣ್ಣ ಹಣತೆ ಹಚ್ಚಿ ಪಕ್ಕದಲ್ಲಿ ಇಡುತ್ತೇವೆ, ಅಮ್ಮ ಆರತಿ ಮಾಡುತ್ತಾರೆ, ಆಮೇಲೆ ಕೇಕ್. ಹಾಲ್‌ನಲ್ಲಿ ಬೆಂಕಿಗೆ ಅನುಮತಿ ಇದೆಯಾ ಕೇಳಿಕೊಳ್ಳಿ.

ಕಾಫಿಗೆ ಮೆಷಿನ್ ಬೇಡ, ಫಿಲ್ಟರ್ ಡಿಕಾಕ್ಷನ್ ಹೇಳಿ. ಬಾಬಾ ಬುಡನ್ 7 ಬೀಜ ತಂದರು ಅನ್ನುವ ಬೆಟ್ಟದ ಕೆಳಗೆ ಕೂತು ಕೆಟ್ಟ ಕಾಫಿ ಕುಡಿಯುವುದು ಬೇಡ.

ಹೆಜ್ಜೆ 9: ಬಿಲ್

ಯಾರು ಕೊಡುವುದು ಅನ್ನುವುದು ಮನೆಯಲ್ಲೇ ತೀರ್ಮಾನ ಆಗಲಿ. ಅಡ್ವಾನ್ಸ್ ಕೊಟ್ಟು, ಉಳಿದದ್ದನ್ನು ಕಾಫಿ ಹೊತ್ತಿಗೆ ಎದ್ದು ಹೋಗಿ ಕೌಂಟರ್‌ನಲ್ಲಿ ಮುಗಿಸಿ. ಹುಟ್ಟುಹಬ್ಬದವರ ಮುಂದೆ ಬಿಲ್ ಬರಬಾರದು.

ಜಿಎಸ್‌ಟಿ ಸಾಮಾನ್ಯ ರೆಸ್ಟೋರೆಂಟ್‌ನಲ್ಲಿ 5%. ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ಹೋಟೆಲ್‌ನ ಒಳಗಿನ ರೆಸ್ಟೋರೆಂಟ್‌ಗೆ 18%. 12 ಜನರ ಬಿಲ್‌ಗೆ ಇದು ದೊಡ್ಡ ವ್ಯತ್ಯಾಸ, ಮೊದಲೇ ಕೇಳಿ. ಸರ್ವಿಸ್ ಚಾರ್ಜ್ ಅನ್ನು ತಾನಾಗಿಯೇ ಬಿಲ್‌ಗೆ ಸೇರಿಸುವಂತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೀಗೆ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಸೇರಿಸಿದ್ದರೆ ನಯವಾಗಿ ತೆಗೆಯಲು ಹೇಳಿ. ಟಿಪ್ಸ್ ಮಾತ್ರ ಮನಸಾರೆ ಕೊಡಿ, ಅರ್ಧವನ್ನು ಬೇರೆ ಕವರ್‌ನಲ್ಲಿ ಅಡುಗೆಮನೆಗೆ. ಬೆಂಕಿಯ ಮುಂದೆ ನಿಂತವರು ನಿಮ್ಮ ಮೇಜನ್ನು ನೋಡಿರುವುದಿಲ್ಲ.

ಹೆಜ್ಜೆ 10: ಮನೆಗೆ ಹೊರಡುವುದು

ಒಂಬತ್ತೂವರೆಗೆ ಎದ್ದುಬಿಡಿ. ಆಲ್ದೂರು, ಮೂಡಿಗೆರೆ ಕಡೆ ಹೋಗುವವರಿಗೆ ಮಂಜು ಇರುತ್ತದೆ, ಕೆಲವು ದಾರಿಗಳಲ್ಲಿ ಆನೆಯೂ. ಗಾಡಿ ಓಡಿಸುವವರು ಕುಡಿಯುವಂತಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಕಾನೂನಿನ ಪ್ರಕಾರ ಅಪರಾಧ, ಆದರೆ ಆ ತಿರುವುಗಳಿಗೆ ಅಷ್ಟೂ ಬೇಡ. ಯಾರು ಓಡಿಸುತ್ತಾರೆ ಅಂತ ಹೊರಡುವಾಗಲೇ ಗೊತ್ತು ಮಾಡಿ.

ಮಿಕ್ಕ ಮಾಂಸ ಕಟ್ಟಿಸಿಕೊಳ್ಳಿ. ಬೆಳಿಗ್ಗೆ ತೆಳ್ಳಗೆ ಹೆಚ್ಚಿ, ಈರುಳ್ಳಿ ಜೊತೆ ಬಾಡಿಸಿದರೆ ಅಕ್ಕಿ ರೊಟ್ಟಿಗೆ ಹೇಳಿ ಮಾಡಿಸಿದ ಜೊತೆ. ಆದರೆ ಮೂಳೆಯನ್ನು ತೋಟದ ನಾಯಿಗೆ ಹಾಕಬೇಡಿ. ಸುಟ್ಟ ಮೂಳೆ ಚೂಪಾಗಿ ಒಡೆದು ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ.

ಮರುದಿನ ಮಧ್ಯಾಹ್ನ, ಅದೇ ಮೂರೂವರೆ ಹೊತ್ತಿಗೆ, ಶೆಫ್‌ಗೆ ಒಂದು ಫೋನ್ ಮಾಡಿ. ಯಾವುದು ಚೆನ್ನಾಗಿತ್ತು, ಯಾರು ಏನು ಎರಡನೇ ಸಲ ಹಾಕಿಸಿಕೊಂಡರು ಅಂತ ಹೇಳಿ. ನಾನು ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಅಪ್ಪ ತಿಂದ್ರಾ ಸರ್?"